ಹಳದಿ ದೀಪ ಮತ್ತು ಒಂದು ‘ಇಲ್ಲ’

"ನೀವು ಗಾಳಿ ನೋಡಲೇ ಇಲ್ಲ! ಬರೀ ಲೈಟ್ ಆರಿಸಿ ಕಳಿಸಿದ್ರಿ!"

ಗ್ಯಾರೇಜಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ತಿರುಗಿದರು. ಹೆದರಿದವರ ಗಂಟಲು ಯಾವಾಗಲೂ ದೊಡ್ಡದು. ಕೂಗಿದವಳು ನಿಜಕ್ಕೂ ಹೆದರಿದ್ದಳು. ಬೆಳಿಗ್ಗೆ ಹೆದ್ದಾರಿಯಲ್ಲಿ ಹಿಂದಿನ ಟೈರು ಸಿಡಿದು ಕಾರು ತಡೆಗೋಡೆಗೆ ಉಜ್ಜಿತ್ತು. ಪಕ್ಕದಲ್ಲಿ ನಿಂತಿದ್ದ ಅಪ್ಪನ ಮಣಿಕಟ್ಟಿಗೆ ಬಿಳಿ ಪಟ್ಟಿ ಬಿದ್ದಿತ್ತು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ. "ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿ, ಆಮೇಲೇ ರೀಸೆಟ್ ಮಾಡಿದ್ದು ಮೇಡಂ. ಗಾಳಿ ಕಡಿಮೆ ಅಂತ ಎಚ್ಚರಿಸೋ ಆ ಹಳದಿ ಲೈಟ್ ಮತ್ತೆ ಬಂದಿತ್ತಾ?"

ಬಂದಿತ್ತು!

ಮಂಗಳವಾರ ಬಂದಿತ್ತು. ಕೆಲಸ ಮಾಡುವ ಔಷಧಿ ಅಂಗಡಿಗೆ ಹೊತ್ತಾಗುತ್ತಿತ್ತು. ಈ ಮೆಕ್ಯಾನಿಕ್ ಮಾಡಿದ್ದನ್ನು ನೋಡಿದ್ದಳಲ್ಲ, ಸ್ಟಿಯರಿಂಗ್ ಕೆಳಗಿನ ಬಟನ್ ಒತ್ತಿ ಹಿಡಿದಳು. ದೀಪ ಮೂರು ಸಲ ಮಿಟುಕಿ ಆರಿತು. ಪೀಡೆ ತೊಲಗಿತು ಎಂದುಕೊಂಡಳು.

'ಗಾಳಿ ನೋಡದೆ ಇದನ್ನ ಮುಟ್ಬೇಡಿ. ಕಡಿಮೆ ಗಾಳಿಯನ್ನೇ ಸರಿ ಅಂತ ಕಾರು ನೆನಪಿಟ್ಕೊಳ್ಳುತ್ತೆ, ಆಮೇಲೆ ಎಚ್ಚರಿಸೋಕೆ ತಡ ಮಾಡುತ್ತೆ' ಎಂದು ಅವನು ಹೇಳಿದ್ದು ಈಗ ನೆನಪಾಯಿತು.

ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲ," ಎಂದಳು.

ಗ್ಯಾರೇಜಿನ ಮೇಸ್ತ್ರಿ ಸರಸರನೆ ಮುಂದೆ ಬಂದ. ಮೆಕ್ಯಾನಿಕ್ ಕೈಯಿಂದ ಗಾಳಿ ಅಳೆಯುವ ಮೀಟರ್ ಕಿತ್ತುಕೊಂಡ. "ಇವತ್ತಿಂದ ಚಕ್ರ ಮುಟ್ಬೇಡ. ಕಾರು ತೊಳಿ, ಹೋಗು."

ಮೆಕ್ಯಾನಿಕ್ ಅವಳನ್ನೊಮ್ಮೆ ನೋಡಿ ಬಕೆಟ್ ಎತ್ತಿಕೊಂಡ. ಆ ನೋಟ ಅವಳ ಜೊತೆಗೇ ಮನೆಗೆ ಬಂತು.

'ಜ್ವರ ಇಳೀತು ಅಂತ ಮಾತ್ರೆ ನಿಲ್ಲಿಸ್ಬೇಡಿ, ರೋಗ ಒಳಗೇ ಇರುತ್ತೆ' ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ಅವಳು. ಈಗ ಆ ಮಾತು ಬಾಯಿಗೆ ಬಂದಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು.

ಶನಿವಾರ ನಿಜ ಹೇಳಲೆಂದೇ ಗ್ಯಾರೇಜಿಗೆ ಹೋದಳು. ಅವನು ಮೊಣಕಾಲವರೆಗೆ ಒದ್ದೆಯಾಗಿ ನಿಂತಿದ್ದ.

"ಏನು ಮೇಡಂ?"

"ಕಾರು... ತೊಳೀಬೇಕಿತ್ತು."

ಮುಂದಿನ ಶನಿವಾರವೂ ಅದೇ ಕತೆ. ಮೂರನೆಯ ಸಲ ಅವನು ನಕ್ಕುಬಿಟ್ಟ. "ಇನ್ನು ತೊಳೆದ್ರೆ ಬಣ್ಣನೇ ಹೋಗುತ್ತೆ ನೋಡಿ! ಅಪ್ಪನ ಕೈ ಹೇಗಿದೆ?"

ಕೈ ಹೇಗಿದೆ ಅಂತ ಇವನು ಕೇಳುತ್ತಿದ್ದಾನೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇವನು ಒಳ್ಳೆಯವನಾದಷ್ಟೂ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಅನಾಹುತವೂ ಆಗಿತ್ತು... ಶನಿವಾರ ಯಾವಾಗ ಬರುತ್ತದೋ ಎಂದು ಅವಳು ಕಾಯತೊಡಗಿದ್ದಳು.

ನಾಲ್ಕನೆಯ ಶನಿವಾರ ಬೆಳಿಗ್ಗೆ ಅಪ್ಪನ ಪಟ್ಟಿ ಬದಲಿಸುವಾಗ ಕಣ್ಣೀರು ತಾನಾಗಿ ಬಂತು. ಎಲ್ಲ ಹೇಳಿಬಿಟ್ಟಳು. ಅಪ್ಪ ಇನ್ನೊಂದು ಕೈಯಿಂದ ಅವಳ ಕಣ್ಣೊರೆಸಿದರು.

"ನನ್ನ ಮೂಳೆ ಕೂಡ್ಕೊಳ್ಳುತ್ತಮ್ಮ. ಅವನಿಗೆ ಹೋದ ಹೆಸರು ತಾನಾಗೇ ಕೂಡ್ಕೊಳ್ಳುತ್ತಾ?"

ಚಪ್ಪಲಿ ಮೆಟ್ಟಿಕೊಂಡು ಕಾರು ತೆಗೆದು ಹೊರಟೇಬಿಟ್ಟಳು. ಗ್ಯಾರೇಜಿನಲ್ಲಿ ಮೇಸ್ತ್ರಿ ಹೊಸಬನೊಬ್ಬನಿಗೆ ಆ ಮೀಟರ್ ಕೊಡುತ್ತಿದ್ದ.

"ಕೊಡ್ಬೇಡಿ!"

ಮತ್ತೆ ಎಲ್ಲರೂ ತಿರುಗಿದರು.

"ಲೈಟ್ ಮತ್ತೆ ಬಂದಿತ್ತು. ಗಾಳಿ ನೋಡದೆ ಬಟನ್ ಒತ್ತಿದ್ದು ನಾನು. ಇವರು ಬೇಡ ಅಂತ ಮೊದಲೇ ಹೇಳಿದ್ರು. ಅವತ್ತು ನಿಮ್ಮೆಲ್ಲರ ಮುಂದೆ ಸುಳ್ಳು ಹೇಳ್ದೆ, ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳ್ತಿದೀನಿ. ತಪ್ಪು ನಂದು!"

ಮೇಸ್ತ್ರಿ ತಲೆ ಕೆರೆದುಕೊಂಡ. ಆಮೇಲೆ ತೊಳೆಯುವ ಜಾಗದವರೆಗೂ ನಡೆದುಹೋಗಿ, ಮೀಟರನ್ನು ಮೆಕ್ಯಾನಿಕ್ ಕೈಗಿಟ್ಟು ಅವನ ಬೆನ್ನು ತಟ್ಟಿದ.

ಅವಳಿಗೆ ತಲೆ ಎತ್ತಲಾಗಲಿಲ್ಲ. "ನನ್ನ ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ..."

"ನಂಗೆ ಗೊತ್ತಿತ್ತು," ಎಂದ ಅವನು.

"ಏನು?!"

"ಟೈರ್ ಬಿಚ್ಚಿ ನೋಡಿದ್ದೆ. ಮೊಳೆ ಚುಚ್ಚಿತ್ತು. ಕಡಿಮೆ ಗಾಳಿಯಲ್ಲಿ ದಿನಗಟ್ಟಲೆ ಓಡಿ ಒಳಗೆಲ್ಲ ಸವೆದಿತ್ತು. ಲೈಟ್ ಬರದೇ ಇರೋ ಸಾಧ್ಯತೆನೇ ಇರಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೇಸ್ತ್ರಿಗೆ ಹೇಳೋಕೆ ಎರಡು ಸಲ ಹೊರಟೆ. ಮೊದಲ ವಾರ ನಿಮ್ಮನ್ನ ಚೆನ್ನಾಗಿ ಬೈಕೊಂಡಿದೀನಿ ಕೂಡ! ಆದ್ರೆ ಕೈ ಮುರಿದ ಅಪ್ಪನ ಎದುರು ನೀವು 'ಇಲ್ಲ' ಅಂದಾಗ ನಿಮ್ಮ ತುಟಿ ನಡುಗಿದ್ದು ನೋಡಿದ್ದೆ. ಆಮೇಲೆ ಹೊಳೆಯೋ ಕಾರನ್ನ ಮತ್ತೆ ಮತ್ತೆ ತರೋಕೆ ಶುರು ಮಾಡಿದ್ರಿ..." ಅವನ ದನಿ ತಗ್ಗಿತು. "ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ಹೇಳಿದ್ಮೇಲೆ ಬರೋದು ನಿಲ್ಲಿಸ್ತೀರೇನೋ ಅಂತ ಭಯಾನೂ ಇತ್ತು."

ಅವಳು ಅಳುತ್ತಲೇ ನಕ್ಕಳು. ಅವನು ಮೀಟರನ್ನು ಅವಳ ಅಂಗೈಯಲ್ಲಿಟ್ಟ. ಇಬ್ಬರೂ ಕಾರಿನ ಒಂದೊಂದೇ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಳಿ ನೋಡಿದರು. ನಾಲ್ಕೂ ಸರಿಯಾದ ಮೇಲೆ ಅವಳು ಒಳಗೆ ಕೂತು ಬಟನ್ ಒತ್ತಿದಳು. ದೀಪ ಮೂರು ಸಲ ಮಿಟುಕಿ ಆರಿತು.

"ಮತ್ತೆ ಲೈಟ್ ಬಂದ್ರೆ ಮುಚ್ಚಿಡ್ಬೇಡಿ," ಎಂದ ಅವನು ಕಿಟಕಿಗೆ ಬಾಗಿ. "ಸೀದಾ ನನ್ನ ಹತ್ರ ಬನ್ನಿ."

"ಲೈಟೇ ಬರದೇ ಇದ್ರೆ?"

ಅವನ ಮುಖ ಸಣ್ಣಗಾಯಿತು. ಅವಳು ಕಿಟಕಿಯ ಮೇಲಿದ್ದ ಅವನ ಒದ್ದೆ ಕೈಯನ್ನು ಹಿಡಿದುಕೊಂಡಳು.

"ಲೈಟ್ ಬರದೇ ಇದ್ರೂ ನಾನು ಬರ್ತೀನಿ..."