ಪಕ್ಕದ ಸೀಟಿನ ಅಸಿಮೀನಾ

“ಅತ್ತೆ! ನನ್ನ ಚಾಕೊಲೇಟ್ ಕೇಕನ್ನ ಅಜ್ಜಿಗೆ ಕೊಟ್ಟುಬಿಟ್ಟಿದ್ದಾರೆ!”

ಟಾಯ್ಲೆಟ್ಟಿಗೆ ಹೋಗಿ ಬಂದ ಅಸಿಮೀನಾ ವಿಮಾನದ ಓಣಿಯಲ್ಲೇ ನಿಂತುಬಿಟ್ಟಿದ್ದಳು. ಓಣಿಯ ಆಚೆ, ಅವಳ ಪಕ್ಕದ ಸೀಟಿನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕೇಕು, ಕಿತ್ತಳೆ ಜ್ಯೂಸು, ಒಂದು ಪುಟ್ಟ ಕಾರ್ಡು ಇದ್ದವು. ಕಾರ್ಡಿನಲ್ಲಿ ‘ಅಸಿಮೀನಾ ವೆರ್ಗು ಅವರಿಗೆ ಪ್ರೀತಿಯ ಸ್ವಾಗತ’ ಎಂದು ಬರೆದಿತ್ತು. ಆದರೆ ಆ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ್ದದ್ದು ಒಂದು ಮರದ ಪೆಟ್ಟಿಗೆ.

ಪಕ್ಕದಲ್ಲಿ ಮಲಗಿದ್ದ ಥೆಕ್ಲಾ ಅತ್ತೆ ಕಣ್ಣಿನ ಪಟ್ಟಿ ಸರಿಸಿ ನೋಡಿದಳು.

“ಕೊಟ್ರೆ ಏನಾಯ್ತೀಗ? ನಿಮ್ಮಜ್ಜಿ ತಿಂದುಬಿಡ್ತಾಳಾ? ಹೋಗಿ ತಗೋ.”

“ನಾನು ಮುಟ್ಟಲ್ಲ. ನೀನೇ ತೆಗೆದುಕೊಡು.”

“ಪುಕ್ಕಲಿ!” ಎಂದು ಅತ್ತೆ ಪಟ್ಟಿ ಎಳೆದುಕೊಂಡು ಮಗ್ಗುಲು ಬದಲಿಸಿದಳು.

ಪೆಟ್ಟಿಗೆಯಲ್ಲಿ ಇದ್ದದ್ದು ಅಜ್ಜಿಯೇ. ಅಂದರೆ ಅಜ್ಜಿಯ ಎಲುಬುಗಳು. ಸಮಾಧಿ ಮಾಡಿ ಮೂರು ವರ್ಷ ತುಂಬಿದ ಮೇಲೆ ಅದನ್ನು ತೆರೆಯುವುದು, ಎಲುಬುಗಳನ್ನು ವೈನಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿಡುವುದು ಗ್ರೀಸಿನ ನಮ್ಮ ವೋಲೋಸ್ ಊರಿನಲ್ಲಿ ಎಲ್ಲರ ಮನೆಯಲ್ಲೂ ನಡೆಯುವ ಕೆಲಸ. ಅಜ್ಜನ ಸಮಾಧಿ ಇದ್ದದ್ದು ದೂರದ ಮೆಲ್ಬರ್ನಿನಲ್ಲಿ. ಅಲ್ಲೇ ಮನೆ ಮಾಡಿಕೊಂಡಿದ್ದ ಅತ್ತೆ ಈಗ ಅಜ್ಜಿಯನ್ನು ಅಜ್ಜನ ಪಕ್ಕಕ್ಕೆ ಒಯ್ಯುತ್ತಿದ್ದಳು. ಬೇಸಿಗೆ ರಜೆಗೆಂದು ಅಸಿಮೀನಾಳನ್ನೂ ಹೊರಡಿಸಿದ್ದಳು.

“ಅಗ್ಗದ ಸೀಟಾದ್ರೆ ಪೆಟ್ಟಿಗೇನ ಮೇಲೆ ತುರುಕು ಅಂತಾರೆ,” ಎಂದು ಅತ್ತೆ ಹೊರಡುವ ಮೊದಲು ಅಪ್ಪನ ಜೊತೆ ದೊಡ್ಡ ಜಗಳವನ್ನೇ ಮಾಡಿದ್ದಳು. “ಯಾರದೋ ಶೂ ತುಂಬಿದ ಬ್ಯಾಗಿನ ಕೆಳಗೆ ನಮ್ಮಮ್ಮನಾ? ನಾನು ಸತ್ತರೂ ಬಿಡಲ್ಲ!” ಹದಿನೈದು ವರ್ಷದಿಂದ ಕೂಡಿಟ್ಟ ವಿಮಾನ ಕಂಪನಿಯ ಪಾಯಿಂಟ್ಸ್ ಎಲ್ಲ ಸುರಿದು ಮೂರು ಫಸ್ಟ್ ಕ್ಲಾಸ್ ಸೀಟು ಹಿಡಿದಿದ್ದಳು. ಅತ್ತೆ ಹಿಡಿದದ್ದೇ ಹಟ.

ಗಗನಸಖಿ ಡೆಸ್ಪೀನಾ ಓಡಿ ಬಂದಳು. ಅವಳೂ ನಮ್ಮ ಕಡೆಯವಳೇ. “ಅಯ್ಯೋ, ತಪ್ಪಾಯ್ತು ಪುಟ್ಟಿ! ಲಿಸ್ಟಲ್ಲಿ ಎರಡು ಸೀಟಿಗೂ ಒಂದೇ ಹೆಸರಿದೆ. ಯಾವುದು ನಿಂದು ಅಂತ ಗೊತ್ತಾಗ್ಲಿಲ್ಲ.”

ಗೊತ್ತಾಗುವುದಾದರೂ ಹೇಗೆ? ನಮ್ಮಲ್ಲಿ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರನ್ನೇ ಇಡಬೇಕು. ಬೇರೆ ಹೆಸರಿಟ್ಟರೆ ಆ ಮನೆಯಲ್ಲಿ ಎರಡು ವರ್ಷ ಮಾತುಕತೆ ಇರುವುದಿಲ್ಲ. ಅಜ್ಜಿಯೂ ಅಸಿಮೀನಾ ವೆರ್ಗು, ಮೊಮ್ಮಗಳೂ ಅಸಿಮೀನಾ ವೆರ್ಗು.

ಡೆಸ್ಪೀನಾ ಕೇಕನ್ನು ಈಚೆಗೆ ತಂದಿಟ್ಟಳು. ಅಸಿಮೀನಾ ಅದನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಎಲ್ಲರೂ ಮಲಗಲೆಂದು ಡೆಸ್ಪೀನಾ ಒಂದು ಗುಂಡಿ ಒತ್ತಿದಳು. ಹೊರಗೆ ಮಟಮಟ ಮಧ್ಯಾಹ್ನ. ಆದರೂ ಕಿಟಕಿಗಳೆಲ್ಲ ಒಂದೊಂದಾಗಿ ಕಪ್ಪಾದವು. ಎಂಟು ಸೀಟು, ಎಂಟು ಪುಟ್ಟ ಕೋಣೆ. ಇವರನ್ನು ಬಿಟ್ಟರೆ ಹಿಂದೆ ಬಾಗಿಲು ಮುಚ್ಚಿಕೊಂಡು ಮಲಗಿದ ಒಬ್ಬ ಪ್ರಯಾಣಿಕ. ಅವನ ಮುಖವನ್ನು ಅಸಿಮೀನಾ ಇನ್ನೂ ನೋಡಿಯೇ ಇರಲಿಲ್ಲ.

ಅವಳು ತನ್ನ ಕೋಣೆಯನ್ನು ಸುತ್ತ ನೋಡಿದಳು. ಗೋಡೆಗೆಲ್ಲ ಮರದ ಹಲಗೆ. ಮೂಲೆಗಳಿಗೆ ಹಿತ್ತಾಳೆ. ಎಳೆದರೆ ಮುಚ್ಚಿಕೊಳ್ಳುವ ಬಾಗಿಲು, ಅದರ ಪಕ್ಕದಲ್ಲಿ ಬೆಳಗುವ ಅಕ್ಷರ: ಅಸಿಮೀನಾ ವೆರ್ಗು. ಓಣಿಯಾಚೆಯ ಪೆಟ್ಟಿಗೆಗೂ ಮರದ ಹಲಗೆ, ಮೂಲೆಗೆ ಹಿತ್ತಾಳೆ. ಅದರ ತಗಡಿನ ಮೇಲೂ ಅದೇ ಅಕ್ಷರ. ತಾನು ಕೂತಿರುವುದೂ ಒಂದು ಪೆಟ್ಟಿಗೆಯೇ ಅನ್ನಿಸಿ ಅವಳ ಮೈ ಜುಂ ಎಂದಿತು. ಬಾಗಿಲನ್ನು ಆದಷ್ಟು ದೂರಕ್ಕೆ ತಳ್ಳಿದಳು.

ಅವಳಿಗೆ ಬರಿಯ ಹೆದರಿಕೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಜೊತೆಗೆ ಒಂದು ತಪ್ಪೂ ಇತ್ತು. ಸಮಾಧಿ ತೆರೆದ ದಿನ ಅಪ್ಪ ಅವಳ ಕೈಗೆ ವೈನಿನ ಹೂಜಿ ಕೊಟ್ಟು, “ನೀನು ಹೆಸರಿನ ಮೊಮ್ಮಗಳು, ಮೊದಲು ನೀನು ಹುಯ್ಯಿ” ಎಂದಿದ್ದ. ಬೋಗುಣಿಯಲ್ಲಿದ್ದದ್ದನ್ನು ಒಮ್ಮೆ ನೋಡಿದವಳೇ ಹೂಜಿ ಎತ್ತಿಹಾಕಿ ಓಡಿದ್ದಳು. ಕಾರಿನೊಳಗೆ ಲಾಕ್ ಮಾಡಿಕೊಂಡು ಕೂತಿದ್ದಳು. ಯಾರೂ ಬೈಯಲಿಲ್ಲ. ಆದರೆ ಅಜ್ಜಿಗೆ ಸಿಟ್ಟು ಬಂದಿದೆ ಎಂದು ಅವಳಿಗೆ ಅವತ್ತಿನಿಂದಲೂ ಗೊತ್ತು.

ಟಕ್.

ಅಸಿಮೀನಾ ಉಸಿರು ಬಿಗಿಹಿಡಿದಳು.

ಟಕ್. ಟಕ್ ಟಕ್.

ಸದ್ದು ಪೆಟ್ಟಿಗೆಯೊಳಗಿಂದ ಬರುತ್ತಿತ್ತು. ಕೋಪ ಬಂದಾಗ ಅಜ್ಜಿ ಕೂಗಾಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟುತ್ತಿದ್ದಳು, ಹೀಗೆಯೇ.

“ಅತ್ತೆ,” ಎಂದು ಪಿಸುಗುಟ್ಟಿದಳು. “ಅತ್ತೇ!” ಅತ್ತೆ ನಿದ್ದೆ ಮಾತ್ರೆ ನುಂಗಿ ಬಾಯಿ ತೆರೆದುಕೊಂಡು ಮಲಗಿದ್ದಳು. ಅಸಿಮೀನಾ ಕರೆಗಂಟೆ ಒತ್ತಿದಳು. ಅಷ್ಟರಲ್ಲಿ ಬೆಲ್ಟಿನ ದೀಪ ಹತ್ತಿತು. “ಮೋಡ ದಾಟ್ತಿದ್ದೀವಿ, ಎಲ್ಲರೂ ಕೂತೇ ಇರಿ,” ಎಂದು ಪರದೆಯ ಆಚೆಯಿಂದ ಡೆಸ್ಪೀನಾಳ ದನಿ ಬಂತು.

ವಿಮಾನ ಇದ್ದಕ್ಕಿದ್ದಂತೆ ಕೆಳಕ್ಕೆ ಕುಸಿಯಿತು. ಪೆಟ್ಟಿಗೆಯೊಳಗೆ ಸದ್ದು ಜೋರಾಯಿತು. ಟಕಟಕ, ಟಕಟಕ. ಅವಳು ಕಿವಿ ಮುಚ್ಚಿಕೊಂಡಳು. ಸದ್ದು ನಿಲ್ಲಲಿಲ್ಲ. ಈಗ ಅದು ತಲೆಯ ಒಳಗಿನಿಂದಲೇ ಬರುತ್ತಿತ್ತು.

ಅವಳ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಅಸಿಮೀನಾ ಮೆಲ್ಲನೆ ಕಿವಿಯಿಂದ ಕೈ ತೆಗೆದಳು. ತನ್ನ ಹಲ್ಲಿನದೂ ಪೆಟ್ಟಿಗೆಯದೂ ಒಂದೇ ಸದ್ದು. ವಿಮಾನ ನಡುಗಿದರೆ ಎರಡೂ ನಡುಗುತ್ತಿದ್ದವು, ಅದು ಸುಮ್ಮನಾದರೆ ಎರಡೂ ಸುಮ್ಮನಾಗುತ್ತಿದ್ದವು. ಅಜ್ಜ ಎಷ್ಟು ಸಲ ಕರೆದರೂ ಅಜ್ಜಿ ಮೆಲ್ಬರ್ನಿಗೆ ಹೋಗಿರಲಿಲ್ಲ. “ಹಾರೋ ಡಬ್ಬದಲ್ಲಿ ನಾನು ಕೂರಲ್ಲ, ಎದೆ ಒಡೆದುಹೋಗುತ್ತೆ,” ಎನ್ನುತ್ತಿದ್ದಳು.

ಕುಲುಕಾಟ ಒಂದು ಗಳಿಗೆ ನಿಂತಿತು. ಅಸಿಮೀನಾ ಬೆಲ್ಟು ಬಿಚ್ಚಿ, ಹೊದಿಕೆ ಬಾಚಿಕೊಂಡು, ಓಣಿ ದಾಟಿದಳು. ಅಜ್ಜಿಯ ಸೀಟಿನ ಮುಂದೆ ಕಾಲು ಚಾಚುವ ಒಂದು ಪುಟ್ಟ ಪೀಠವಿತ್ತು. ಅದಕ್ಕೂ ಒಂದು ಬೆಲ್ಟು. ಅಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಕೈ ಮುಂದೆ ಚಾಚಿದಳು, ಹಿಂದೆ ತೆಗೆದಳು. ಮತ್ತೆ ಚಾಚಿದಳು.

ವಿಮಾನ ಇನ್ನೊಮ್ಮೆ ಕುಸಿದಾಗ ಅವಳ ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು. ಒಳಗಿನ ನಡುಕ ಅಂಗೈಗೆ ತಾಗುತ್ತಿತ್ತು. ಅವಳು ಹೊದಿಕೆಯನ್ನು ಸುತ್ತಲೂ ಬಿಗಿಯಾಗಿ ಸಿಕ್ಕಿಸಿ, ಪೆಟ್ಟಿಗೆಯನ್ನು ತಬ್ಬಿ ಹಿಡಿದಳು.

“ಅವತ್ತು ಓಡಿಹೋದೆ,” ಎಂದಳು. ಹೊದಿಕೆಯ ಅಂಚನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿದಳು. “ಇವತ್ತು ಹೋಗಲ್ಲ.”

ಬೆಲ್ಟಿನ ದೀಪ ಆರಿದ ಕೂಡಲೇ ಡೆಸ್ಪೀನಾ ಬಂದಳು. ಖಾಲಿ ಸೀಟು ನೋಡಿ ಗಾಬರಿಯಾಗಿ ಈಚೆಗೆ ತಿರುಗಿದಳು.

“ಏ ಪುಟ್ಟಿ! ಕೂತಿರು ಅಂದಿದ್ನಲ್ಲ! ಇಲ್ಲೇನು ಮಾಡ್ತಿದ್ದೀ? ಹೆದರಿಬಿಟ್ಯಾ?”

“ನಮ್ಮಿಬ್ಬರಿಗೂ ಹೆದರಿಕೆ ಆಯ್ತು,” ಎಂದಳು ಅಸಿಮೀನಾ. ಅವಳ ಕೈ ಇನ್ನೂ ಪೆಟ್ಟಿಗೆಯ ಮೇಲೆಯೇ ಇತ್ತು. “ನನಗಿಂತ ಅಜ್ಜಿಗೇ ಜಾಸ್ತಿ. ಅವಳು ವಿಮಾನ ಹತ್ತಿದ್ದು ಇದೇ ಮೊದಲು.”