ಪ್ರೊಪೆಲ್ಲರ್ ಕದ್ದವರು

"ಅಯ್ಯೋ! ನಿಲ್ಲಿಸಿ... ನಿಲ್ಲಿಸೀ! ಏನ್ ಮಾಡ್ತಿದ್ದೀರಿ ನೀವು?!"

ಬೆನ್ನ ಹಿಂದಿನಿಂದ ಬಂದ ಆ ಕೂಗಿಗೆ ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಪುಣ್ಯಕ್ಕೆ ವಿಮಾನ ಬೀಳಲಿಲ್ಲ.

ಹೌದು, ವಿಮಾನವೇ. ಅಂಗೈಗಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ಕಿನದು. ಎರಡು ವಾರದ ತರಬೇತಿ ಮುಗಿಸಿ ಆಗಷ್ಟೇ ಪರವೂರಿನಿಂದ ಬಂದವಳಿಗೆ ಮೊದಲು ಕಂಡದ್ದೇ ಊಟದ ಮೇಜಿನ ಮೇಲೆ ಕೂತಿದ್ದ ಅದು. ಬೆಳ್ಳಿ ಬಣ್ಣದ ಮುದ್ದಾದ ವಿಮಾನ. ಆದರೆ ಎಡಗಡೆಯ ಎಂಜಿನ್ನಿನಿಂದ ರೆಕ್ಕೆಯ ತಳದವರೆಗೂ ಕರ್ರಗೆ ಜಿಡ್ಡು! ಅಪ್ಪನ ಕೈ ನಡುಗುತ್ತದಲ್ಲ, ಪಾಪ, ಏನೋ ಚೆಲ್ಲಿಕೊಂಡಿದ್ದಾರೆ ಅಂದುಕೊಂಡಳು. ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದು ಬಟ್ಟೆಗೆ ಹಾಕಿ, ಫಳಫಳ ಹೊಳೆಯುವಂತೆ ಒರೆಸಿಬಿಟ್ಟಳು.

ತಿರುಗಿ ನೋಡಿದರೆ, ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈಯಲ್ಲಿ ಚಹಾ ಲೋಟ ಹಿಡಿದು ನಿಂತ ಅಪರಿಚಿತ ಗಂಡಸು.

"ಯಾರ್ರೀ ನೀವು? ನಮ್ಮನೆ ಅಡುಗೆಮನೇಲಿ ಏನ್ ಕೆಲಸ ನಿಮಗೆ?"

"ಅದಿರ್ಲಿ... ಆ ಎಣ್ಣೆ ಕಲೆ! ಅದನ್ನ ಯಾಕ್ ಒರೆಸಿದ್ರಿ?"

"ಕೊಳೆ ಇತ್ತು, ಒರೆಸ್ದೆ."

"ಕೊಳೆ ಅಲ್ಲಾ ರೀ ಅದು! ಎರಡು ಭಾನುವಾರ ಕೂತು ಬಳಿದ ಬಣ್ಣ!"

"ಬಣ್ಣಾನಾ? ಕೊಳೆ ಥರ ಕಾಣೋ ಬಣ್ಣಾನ ಯಾರಾದ್ರೂ ಬೇಕೂಂತ ಬಳೀತಾರಾ?"

ಅವನು ಲೋಟಗಳನ್ನು ಮೇಜಿನ ಮೇಲಿಟ್ಟು ವಿಮಾನದ ಕಡೆ ಬಾಗಿದ.

ಅಷ್ಟರಲ್ಲಿ, ಅಪ್ಪ ತೂಕಡಿಸುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯಿಂದ ಒಂದು ಸದ್ದು ಕೇಳಿಸಿತು. ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಪ್ಪ ನಗುತ್ತಿದ್ದರು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಅಮ್ಮ ಹೋದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದರು. ಕೈ ನಡುಗಲು ಶುರುವಾದ ಮೇಲಂತೂ ನಗುವುದನ್ನೇ ಮರೆತಿದ್ದರು.

'ಈ ಮನುಷ್ಯ ಯಾರೇ ಆಗಿರಲಿ... ನಮ್ಮಪ್ಪನ್ನ ನಗಿಸಿದ್ದಾನೆ' ಅಂದುಕೊಂಡಳು. ಹಾಗಂತ ಅವನಿಗೆ ಹೇಳುತ್ತಾಳಾ? ಉಹೂಂ!

* * *

ಅವನು ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್. ಅಪ್ಪ ನಿವೃತ್ತರಾಗುವವರೆಗೂ ದುಡಿದದ್ದು ಅಲ್ಲೇ. ಅಲ್ಲಿದ್ದ ಎರಡು ಪ್ರೊಪೆಲ್ಲರಿನ ಒಂದು ಮುದಿ ವಿಮಾನವನ್ನು ಅಪ್ಪ ಹೆತ್ತ ಮಗಳಿಗಿಂತ ಹೆಚ್ಚು ನೋಡಿಕೊಂಡಿದ್ದರು. ಇದು ಅಮ್ಮನ ಹಳೆಯ ದೂರು. ಅಲ್ಲಿಯವರೆಲ್ಲ ಅದನ್ನು ಕರೆಯುತ್ತಿದ್ದದ್ದು 'ಅಜ್ಜಿ' ಅಂತ.

ಈಗ ಅಜ್ಜಿಯನ್ನು ಹಾರಾಟದಿಂದ ನಿಲ್ಲಿಸುತ್ತಾರಂತೆ. ಬೀಳ್ಕೊಡುಗೆಯ ದಿನ ಅಪ್ಪ ತಮ್ಮ ಕೈಯಾರೆ ಅಜ್ಜಿಯ ಪುಟ್ಟ ಮಾದರಿಯೊಂದನ್ನು ಅಲ್ಲಿನ ಗಾಜಿನ ಕಪಾಟಿನಲ್ಲಿ ಇಡಬೇಕು. ಅಪ್ಪನ ಬೀರುವಿನಲ್ಲಿ ಅದರ ಕಿಟ್ ಇತ್ತು. ಬಿಡಿಭಾಗಗಳನ್ನೆಲ್ಲ ಜೋಡಿಸಿ, ಅಂಟಿಸಿ, ಬಣ್ಣ ಬಳಿಯಬೇಕು, ಅಷ್ಟೇ. ಆದರೆ ಅಪ್ಪನ ಬೆರಳು ಮಾತು ಕೇಳಬೇಕಲ್ಲ! ಅದಕ್ಕೇ ಅವನು ಬಂದಿದ್ದ. ಅಪ್ಪ ಹೇಳುವುದು, ಅವನು ಮಾಡುವುದು.

"ಅಪ್ಪಾ, ಹೊಸ ವಿಮಾನದ ಥರ ಚೊಕ್ಕವಾಗಿ ಮಾಡಿದ್ರೆ ಏನ್ ಕಷ್ಟ?" ಎಂದು ಅವಳು ಕೇಳಿದಳು.

"ಅಜ್ಜಿಯ ಎಡಗಡೆ ಎಂಜಿನ್ನು ಯಾವಾಗ್ಲೂ ಎಣ್ಣೆ ಸೋರಿಸ್ತಿತ್ತು ಕಣೇ. ದಿನಾ ಬೆಳಿಗ್ಗೆ ಮೂಗು ಒರೆಸ್ತಿದ್ದೆ. ಆ ಕಲೆ ಇಲ್ಲಾಂದ್ರೆ ಅದು ನಮ್ಮ ಅಜ್ಜಿ ಹೆಂಗಾಗತ್ತೆ? ಬೇರೆ ಯಾರದೋ ಅಜ್ಜಿ!"

ಅವಳಿಗೆ ಚುರುಕ್ ಎಂದಿತು. ಯಾಕೆಂದರೆ ಅವಳ ಕೆಲಸವೇ ಅದು! ಹಲ್ಲಿನ ಲ್ಯಾಬಿನಲ್ಲಿ ಕಟ್ಟುವ ಹಲ್ಲು ತಯಾರಿಸುವವಳು. ಪಕ್ಕದ ಹಲ್ಲಿಗೆ ಹೊಂದಲೆಂದು ಹೊಸ ಹಲ್ಲಿಗೆ ಒಂದಿಷ್ಟು ಹಳದಿ, ಒಂದಿಷ್ಟು ಕಂದು ತಾನೇ ಬೇಕೆಂದು ಬಳಿಯುವವಳು. ಕಲೆಯಿಲ್ಲದಿದ್ದರೆ ಹಲ್ಲು ಕಟ್ಟಿಸಿದ್ದೆಂದು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವಳು.

ಮುಂದಿನ ಭಾನುವಾರ ಅವಳು ತನ್ನ ಸಣ್ಣ ಕುಂಚಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟಳು.

"ಒರೆಸಿದ್ದು ನಾನು. ನಾನೇ ಬಳಿದುಕೊಡ್ತೀನಿ."

ಅವಳು ಎಳೆದ ಎಣ್ಣೆಯ ಗೆರೆಯನ್ನು ಅವನು ಕಣ್ಣು ಕಿರಿದು ಮಾಡಿ ನೋಡಿದ. ತಿರುಗಿಸಿ ನೋಡಿದ.

"ಹಲ್ಲಿನ ಮೇಡಂ... ನನ್ನದಕ್ಕಿಂತ ಚೆನ್ನಾಗಿ ಸೋರ್ತಿದೆ ಇದು!"

"ಥ್ಯಾಂಕ್ಸ್, ಫ್ಯಾನ್ ಮೆಕ್ಯಾನಿಕ್ಕು!"

"ಫ್ಯಾನಾ? ಗುರುಗಳೇ, ಕೇಳಿದ್ರಾ? ಪ್ರೊಪೆಲ್ಲರ್‌ಗೆ ಫ್ಯಾನ್ ಅಂತಾರೆ!"

"ನನ್ನ ಮಧ್ಯಕ್ಕೆ ಎಳೀಬೇಡಿ" ಎಂದು ಅಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪತ್ರಿಕೆ ತಲೆಕೆಳಗಾಗಿತ್ತು.

ಹಾಗೆ ಭಾನುವಾರಗಳು ಬಂದವು, ಹೋದವು. ಬೆಳಿಗ್ಗೆ ಬೆಲ್ ಆದರೆ ಸಾಕು, ಅವಳ ಕಾಲು ಅವಳಿಗಿಂತ ಮುಂಚೆ ಬಾಗಿಲಿಗೆ ಓಡುತ್ತಿತ್ತು. ವಿಚಿತ್ರವೆಂದರೆ ವಿಮಾನ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಒಮ್ಮೆ ಬಣ್ಣ ಸರಿಯಾಗಿ ಒಣಗಲಿಲ್ಲವೆಂದು ಅವನು ಕೆರೆದು ಹಾಕಿದ. ಇನ್ನೊಮ್ಮೆ ಬಾಲದ ಬಣ್ಣ ಗಾಢವಾಯಿತೆಂದು ಮತ್ತೆ ಕೆರೆದ.

ಇದರ ನಡುವೆ ಅಪ್ಪನದು ಒಂದೇ ಹಾಡು, ಪ್ರೊಪೆಲ್ಲರ್ ವಿಮಾನದ ಗುಣಗಾನ.

"ಜೆಟ್ಟು ಇದ್ಯಲ್ಲ, ಅದು ಒಳಗೊಳಗೇ ಉರಿಯತ್ತೆ. ಹೊರಗಿಂದ ಏನೂ ಗೊತ್ತಾಗಲ್ಲ. ಪ್ರೊಪೆಲ್ಲರ್ ಹಂಗಲ್ಲ. ಮನಸ್ಸಲ್ಲಿರೋದನ್ನ ಎದುರಿಗೇ ತಿರುಗಿಸಿ ತೋರಿಸತ್ತೆ. ಅದಕ್ಕೇ ನನಗೆ ಅದೇ ಇಷ್ಟ."

ಹೇಳುತ್ತ ಅಪ್ಪ ಇಬ್ಬರನ್ನೂ ಒಮ್ಮೆ ನೋಡಿದರು. ಇಬ್ಬರೂ ಬಣ್ಣದ ಡಬ್ಬಿಯನ್ನೇ ನೋಡುತ್ತಿದ್ದರು.

* * *

ಬೀಳ್ಕೊಡುಗೆಗೆ ಇನ್ನೊಂದು ವಾರ ಉಳಿದಿತ್ತು. ಒಗೆದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದವಳಿಗೆ ಒಳಗಿನಿಂದ ಅವನ ಮಾತು ಕೇಳಿಸಿತು.

"ಎರಡು ಪ್ರೊಪೆಲ್ಲರ್ ಕೂರಿಸಿಬಿಟ್ರೆ ಮುಗೀತು ಗುರುಗಳೇ. ನನಗೂ ದೊಡ್ಡ ನಿಲ್ದಾಣಕ್ಕೆ ವರ್ಗ ಆಗಿದೆ, ಜೆಟ್ ವಿಭಾಗಕ್ಕೆ. ಆಮೇಲೆ ನನಗೆ ಈ ಮನೇಲಿ ಏನು ಕೆಲಸ?"

ಅವಳ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

ಏನು ಕೆಲಸ...! ಎಷ್ಟು ಸಲೀಸಾಗಿ ಅಂದುಬಿಟ್ಟ! ಹಾಗಾದರೆ ಇಷ್ಟು ದಿನ ಬಂದದ್ದು ಬರೀ ವಿಮಾನಕ್ಕೆ. ವರ್ಗವಾದ ವಿಷಯವನ್ನು ನನಗೊಂದು ಮಾತು ಹೇಳಬೇಕೆಂದೂ ಅನಿಸಲಿಲ್ಲ. ನಾನೊಬ್ಬಳು ಹುಚ್ಚಿ, ಶನಿವಾರದಿಂದಲೇ ಬಾಗಿಲು ಕಾಯುತ್ತಿದ್ದೆ!

ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು.

ಅವನು ಹೋದ ಮೇಲೆ ಅವಳು ಮೇಜಿನ ಹತ್ತಿರ ನಿಂತಳು. ತಟ್ಟೆಯಲ್ಲಿ ಉಗುರಿನಷ್ಟಗಲದ ಎರಡು ಪ್ರೊಪೆಲ್ಲರ್‌ಗಳು ಒಣಗುತ್ತಿದ್ದವು. ಒಂದನ್ನು ಎತ್ತಿಕೊಂಡಳು. ಯಾಕೆ ಎತ್ತಿಕೊಂಡೆನೆಂದು ಆ ಕ್ಷಣ ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಹಲ್ಲಿನ ಮಾದರಿಗಳಿಡುವ ತನ್ನ ಪುಟ್ಟ ಡಬ್ಬಿಯಲ್ಲಿ ಅದನ್ನು ಮುಚ್ಚಿಟ್ಟಳು.

ಅಪ್ಪನ ಮುಖ ನೆನಪಾಗಿ ಕೈ ತಡೆಯಿತು. ಆದರೂ ವಾಪಸ್ ಇಡಲಿಲ್ಲ.

ಮುಂದಿನ ಭಾನುವಾರ ಅವನು ಬಂದು ತಟ್ಟೆ ನೋಡಿದ. ಖಾಲಿ!

ಅವಳೂ ಬಗ್ಗಿ ನೋಡಿದಳು. ಖಾಲಿ ಹೇಗೆ? ಅವಳು ಕದ್ದದ್ದು ಒಂದೇ ಅಲ್ಲವೇ?

ಅವನು ಮೇಜಿನ ಕೆಳಗೆ ತೂರಿದ. ನೆಲಕ್ಕೆ ಕೆನ್ನೆಯಿಟ್ಟು ಹುಡುಕಿದ. ಸೋಫಾ ಸರಿಸಿದ, ಪೊರಕೆ ತಂದು ಮೂಲೆ ಮೂಲೆ ಗುಡಿಸಿದ. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ನಾಳೆ ಅಲ್ವಾ ಕಾರ್ಯಕ್ರಮ? ಪ್ರೊಪೆಲ್ಲರ್ ಇಲ್ದೆ ಹೆಂಗೆ ಕೊಡೋದು? ಮೇಡಂ, ನೀವೇನಾದ್ರೂ ಒರೆಸುವಾಗ..."

ಅಷ್ಟೇ ಸಾಕಾಯಿತು ಅವಳಿಗೆ.

"ಹೌದ್ರೀ, ಏನ್ ಕಳೆದ್ರೂ ನಾನೇ! ನಿಮಗೆ ಕೆಲಸ ಮುಗಿಸಿ ಯಾವಾಗ ಹೊರಡ್ತೀನೋ ಅಂತ ಆಗಿದೆ ಅಲ್ವಾ? ಹೊರಡಿ. ನಿಮ್ಮನ್ಯಾರು ಹಿಡ್ಕೊಂಡಿದಾರೆ?"

ಅವನ ಮುಖ ಸಣ್ಣದಾಯಿತು. ಕೈಯ ಧೂಳನ್ನು ಮೆಲ್ಲಗೆ ಒರೆಸಿಕೊಂಡ.

"ಯಾರೂ ಹಿಡ್ಕೊಂಡಿಲ್ಲ ಮೇಡಂ... ಅದು ಗೊತ್ತು ನನಗೆ. ಸಿಕ್ಕರೆ ಗುರುಗಳ ಕೈಯಿಂದಲೇ ಕೂರಿಸಿ. ಬರ್ತೀನಿ."

ಬಾಗಿಲು ಮುಚ್ಚಿತು. ಅವನ ಚಹಾ ಲೋಟ ಮೇಜಿನ ಮೇಲೆ ಹಾಗೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ.

* * *

"ಅಪ್ಪಾ... ಊಟಕ್ಕೆ ಏಳಿ."

"ಕನ್ನಡಕ ಕೊಡಮ್ಮಾ."

ಅವಳು ಕನ್ನಡಕದ ಡಬ್ಬಿ ತೆರೆದಳು. ಕನ್ನಡಕದ ಪಕ್ಕದಲ್ಲಿ, ಹತ್ತಿಯ ಮೇಲೆ, ಅಚ್ಚುಕಟ್ಟಾಗಿ ಮಲಗಿತ್ತು... ಒಂದು ಪ್ರೊಪೆಲ್ಲರ್!

"ಅಪ್ಪಾ!"

ಅಪ್ಪ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿದರು.

"ಅವನೇ ಅಂದ್ನಲ್ಲ, ಮುಗಿದ ಮೇಲೆ ಈ ಮನೇಲಿ ಏನು ಕೆಲಸ ಅಂತ. ಹೇಳುವಾಗ ಅವನ ಮುಖ ನೋಡೋಕೆ ಆಗ್ಲಿಲ್ಲ ಕಣೇ. ಕಣ್ಣು ತುಂಬಿತ್ತು ಹುಡುಗನಿಗೆ. ಅದಕ್ಕೇ... ಮುಗೀದೇ ಇರ್ಲಿ ಅಂತ ಎತ್ತಿಟ್ಟೆ."

ಕಣ್ಣು ತುಂಬಿತ್ತೇ? ಬಾಲ್ಕನಿಗೆ ಮಾತು ಮಾತ್ರ ಕೇಳಿಸಿತ್ತು. ಮುಖ ಕಂಡಿರಲಿಲ್ಲ!

"ಆದ್ರೆ ನಾನು ತೆಗೆದದ್ದು ಒಂದೇ" ಎಂದರು ಅಪ್ಪ. "ಇನ್ನೊಂದು ಎಲ್ಲಿ ಹೋಯ್ತೋ ದೇವರಿಗೇ ಗೊತ್ತು."

ಅವಳು ಹೋಗಿ ತನ್ನ ಡಬ್ಬಿ ತಂದಳು. ಮುಚ್ಚಳ ತೆಗೆದಳು. ಸಾಲು ಹಲ್ಲುಗಳ ನಡುವೆ ಅದು ಕೂತಿತ್ತು.

ಅಪ್ಪ ಡಬ್ಬಿ ನೋಡಿದರು. ಮಗಳನ್ನು ನೋಡಿದರು. ಆಮೇಲೆ ಅವರ ನಡುಗುವ ಕೈ ಅವಳ ತಲೆಯ ಮೇಲೆ ಬಂದು ಕೂತಿತು.

"ನೀನೂ ಜೆಟ್ಟೇನೇ?"

ಅವಳು ನಗಲು ಹೋಗಿ ಅತ್ತೇಬಿಟ್ಟಳು.

* * *

ಸೋಮವಾರ ಬೆಳಿಗ್ಗೆ ನಿಲ್ದಾಣದ ಶೆಡ್ಡಿನಲ್ಲಿ ಜನವೋ ಜನ. ನಿಜವಾದ ಅಜ್ಜಿ ಹೂಮಾಲೆ ಹಾಕಿಸಿಕೊಂಡು ನಿಂತಿದ್ದಳು, ಎಡಗಡೆ ಎಂಜಿನ್ನಿನ ಕೆಳಗೆ ತಟ್ಟೆಯಿಟ್ಟುಕೊಂಡು. ಈ ವಯಸ್ಸಿನಲ್ಲೂ ಸೋರುವುದು ಬಿಟ್ಟಿರಲಿಲ್ಲ.

ಅವನು ನೀಲಿ ಸಮವಸ್ತ್ರದಲ್ಲಿ ರೆಕ್ಕೆಯ ಕೆಳಗಿದ್ದ. ಅವಳನ್ನು ಕಂಡವನೇ ಕೈಯ ಎಣ್ಣೆ ಒರೆಸಿಕೊಳ್ಳತೊಡಗಿದ.

"ಒರೆಸ್ಕೋಬೇಡಿ" ಎಂದಳು. "ಆ ಕಲೆ ಇಲ್ಲಾಂದ್ರೆ... ನೀವು ಬೇರೆ ಯಾರೋ ಆಗಿಬಿಡ್ತೀರಿ."

ಅವನು ಹಾಗೇ ನಿಂತ. ಅವಳು ಹಲ್ಲಿನ ಡಬ್ಬಿ ತೆರೆದು ಚಾಚಿದಳು. ಎರಡೂ ಪ್ರೊಪೆಲ್ಲರ್!

"ಎಲ್ಲಿ ಸಿಕ್ತು?!"

"ಒಂದನ್ನ ಅಪ್ಪ ಕದ್ದಿದ್ರು. ಇನ್ನೊಂದನ್ನ... ನಾನು."

"ನೀವಾ? ಯಾಕೆ?"

ಹೇಳಲೋ ಬೇಡವೋ? ಹೇಳಲೇಬೇಕು! ಇವತ್ತು ಬಾಯಿ ಮುಚ್ಚಿಕೊಂಡರೆ ಇವನು ಹೊರಟುಹೋಗುತ್ತಾನೆ, ಮುಂದಿನ ಭಾನುವಾರ ಬೆಲ್ ಆಗುವುದಿಲ್ಲ.

"ಯಾಕಂದ್ರೆ ಅದು ಮುಗಿದ್ರೆ ನೀವು ಬರಲ್ಲ. ನೀವು ಬರದಿದ್ರೆ ನನಗೆ ಭಾನುವಾರ ಯಾಕೆ ಬೇಕು? ನೀವಂದ್ರೆ ನನಗೆ ಇಷ್ಟ. ಸಾಕಾ? ನಿನ್ನೆ ಬೈದದ್ದಕ್ಕೆ... ತಪ್ಪಾಯ್ತು."

ಅವನು ಕಿವಿಯ ತುದಿಯವರೆಗೂ ಕೆಂಪಾದ.

"ಮೇಡಂ... ನಾನೂ ಒಂದು ಹೇಳ್ಬೇಕು. ಆ ಬಣ್ಣ ಇತ್ತಲ್ಲ..."

"ಯಾವ ಬಣ್ಣ?"

"ಒಣಗಿಲ್ಲ ಅಂತ ಕೆರೆದು ಹಾಕಿದ್ನಲ್ಲ, ಅದು. ಚೆನ್ನಾಗೇ ಒಣಗಿತ್ತು. ಬಾಲದ ಬಣ್ಣಾನೂ ಸರಿಯಾಗೇ ಇತ್ತು."

ಅವಳು ಕಣ್ಣರಳಿಸಿದಳು. ಒಂದು ಪುಟ್ಟ ವಿಮಾನ, ಮೂವರು ಕಳ್ಳರು! ಮುಗಿಯುವುದಾದರೂ ಹೇಗೆ?

"ನಿಮ್ಮಿಬ್ಬರದು ಆಯ್ತಾ?" ಹಿಂದಿನಿಂದ ಅಪ್ಪ ಕೆಮ್ಮಿದರು. "ಅಲ್ಲಿ ಕರೀತಿದಾರೆ. ತನ್ನಿ ಇಲ್ಲಿ."

ಅಪ್ಪ ತಂದಿದ್ದ ಮಾದರಿಯನ್ನು ಅವನು ಹಿಡಿದುಕೊಂಡ. ಅವಳು ಅಪ್ಪನ ಮಣಿಕಟ್ಟಿಗೆ ಕೈ ಆನಿಸಿದಳು. ಅಪ್ಪನ ಬೆರಳು ನಡುಗಿತು, ತಪ್ಪಿತು, ಮತ್ತೆ ತಪ್ಪಿತು. ಮೂರನೆಯ ಸಲ ಟಕ್ ಎಂದು ಎಡಗಡೆಯದು ಕೂತಿತು. ಆಮೇಲೆ ಬಲಗಡೆಯದು.

"ಅಂಟು?" ಎಂದಳು ಅವಳು ಮೆಲ್ಲಗೆ.

"ಪ್ರೊಪೆಲ್ಲರ್‌ಗೆ ಅಂಟು ಹಾಕಬಾರದು ಕಣೇ, ತಿರುಗಲ್ಲ" ಎಂದು ಅಪ್ಪ ಬಾಗಿ, ಕೆನ್ನೆಯುಬ್ಬಿಸಿ, ಉಫ್ ಎಂದು ಊದಿದರು.

ಎರಡೂ ಗಿರ್ರನೆ ತಿರುಗಿದವು. ಅಪ್ಪನ ಕೈ ನಡುಗುತ್ತಿತ್ತು, ಆದರೆ ಉಸಿರು ಗಟ್ಟಿಯಾಗಿತ್ತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪ ತಾವೇ ಪುಟ್ಟ ಅಜ್ಜಿಯನ್ನು ಎತ್ತಿಕೊಂಡು, ಯಾರ ಆಸರೆಯನ್ನೂ ಕೇಳದೆ, ಗಾಜಿನ ಕಪಾಟಿನ ಕಡೆ ನಡೆದರು.

ಜನರೆಲ್ಲ ಅತ್ತ ತಿರುಗಿದರು, ರೆಕ್ಕೆಯ ನೆರಳಿನಲ್ಲಿ ಇಬ್ಬರೇ ಉಳಿದರು.

"ದೊಡ್ಡ ನಿಲ್ದಾಣ ದೂರಾನಾ?" ಎಂದಳು.

"ಬಸ್ಸಲ್ಲಿ ಅರ್ಧ ದಿನ. ಭಾನುವಾರ ಅಲ್ಲೂ ರಜಾನೇ." ಅವನು ಅವಳನ್ನೇ ನೋಡುತ್ತ ತಡವರಿಸಿದ. "ಆದ್ರೆ ವಿಮಾನ ಮುಗಿದುಹೋಯ್ತಲ್ಲ ಮೇಡಂ... ಇನ್ನು ನನಗೆ ಆ ಮನೇಲಿ ಏನು ಕೆಲಸ?"

"ಅಪ್ಪನ ಬೀರು ತುಂಬಾ ಇನ್ನೂ ತೆರೆಯದ ಕಿಟ್‌ಗಳಿವೆ. ಅವೆಲ್ಲ ಮುಗಿದ ಮೇಲೆ ಕೇಳಿ."

"ಅವೆಲ್ಲ ಮುಗಿಸೋಕೆ ಒಂದು ಜನ್ಮ ಬೇಕಲ್ಲಾ ರೀ!"

ಅವಳು ಅವನ ಎಣ್ಣೆಯ ಕೈಯನ್ನು ಎಲ್ಲರ ಎದುರಿಗೇ ಹಿಡಿದುಕೊಂಡಳು.

"ಮತ್ತೆ? ಅದಕ್ಕೇ ಅಲ್ವಾ ಕರೀತಿರೋದು..."