ಒಂದು ಎಸಳು ಕಡಿಮೆ

“ಮೇಜಿನ ಹೂವಿನ ಆ ಕೊನೇ ಎಸಳು ಮಾತ್ರ ಕೊರೀಬೇಡ ಜೊ. ಬಾಕಿ ಏನ್ ಬೇಕಾದ್ರೂ ಮಾಡ್ಕೋ,” ಎಂದರು ಮುದುಕ ಕಸ್ಮೂರಿ. ಲವಂಗದ ಸಿಗರೇಟಿನ ಹೊಗೆಯಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ, ದನಿ ಮಾತ್ರ ನಡುಗುತ್ತಿತ್ತು.

ಅಳಿಯ ಪ್ರಸೋಜೊ ನಕ್ಕುಬಿಟ್ಟ. “ನಾನು ಜಕಾರ್ತದೋನು ಮಾವ. ನಮ್ಮೂರಲ್ಲಿ ದೆವ್ವಾನೂ ಟಿಕೆಟ್ ತಗೊಂಡೇ ನೋಡ್ಬೇಕು.”

ಹೆಂಡತಿ, ಮಗುವಿನೊಂದಿಗೆ ಜಕಾರ್ತ ಬಿಟ್ಟು ಅವನು ಜೆಪಾರಾಕ್ಕೆ ಮನೆಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ಊರೇ ತೇಗ ಕೆತ್ತಿ ಬದುಕುವ ಜಾಗ ಅದು. ಆ ಓಣಿಯಲ್ಲಿ ಯಾರೇ ಹಳೆಯ ವಸ್ತುವಿನ ನಕಲು ಮಾಡಿದರೂ ಒಂದು ಎಸಳನ್ನು ಕೊರೆಯದೆ ಬಿಡುತ್ತಿದ್ದರು. ನಕಲಿಗೆ ಒಂದು ಊನ ಇರಲೇಬೇಕು, ಅದರಿಂದಲೇ ಅದು ನಕಲೆಂದು ಗೊತ್ತಾಗಬೇಕು. ಅಲ್ಲಿನ ಹಸುಗೂಸಿಗೂ ಗೊತ್ತಿದ್ದ ಈ ಮಾತು, ಜಾಣ ಅಳಿಯನಿಗೆ ಸೋಮಾರಿಗಳ ನೆವದಂತೆ ಕಂಡಿತ್ತು.

ಅವನು ಕೆತ್ತುತ್ತಿದ್ದ ಮೇಜೂ ಅಂಥಿಂಥದ್ದಲ್ಲ. ನಲವತ್ತು ವರ್ಷದ ಹಿಂದೆ ಒಂದು ದೆವ್ವದ ಸಿನಿಮಾಕ್ಕೆಂದು ಕಸ್ಮೂರಿಯ ಅಪ್ಪನೇ ಮಾಡಿಕೊಟ್ಟದ್ದರ ತದ್ರೂಪ ಅದು. ಸತ್ತ ಗಂಡನ ರೂಪದಲ್ಲಿ ಏನೋ ಬಂದು ಊಟಕ್ಕೆ ಕೂರುವ ಕತೆ. ನಟರ ಕಣ್ಣಲ್ಲಿ ನಿಜವಾದ ಭಯ ಬೇಕೆಂದು ನಿರ್ದೇಶಕ ಮಾಟಗಾರನೊಬ್ಬನನ್ನು ಕರೆಸಿ ಮೇಜಿಗೆ ಮಂತ್ರ ಹಾಕಿಸಿದ್ದನಂತೆ. ಚಿತ್ರೀಕರಣ ಮುಗಿಯುವ ಹೊತ್ತಿಗೆ ಬಣ್ಣ ಬಳಿಯುವವನೊಬ್ಬ ಒಂದೇ ಗಳಿಗೆಯಲ್ಲಿ ಎರಡು ಕಡೆ ಕಾಣಿಸಿಕೊಂಡ. ಮೇಜನ್ನು ಅಲ್ಲೇ ಸುಟ್ಟುಹಾಕಿದರು. ಈಗ ಜಕಾರ್ತದ ಅಭಿಮಾನಿಯೊಬ್ಬನಿಗೆ ಅದೇ ಮೇಜು ಬೇಕಾಗಿತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಪ್ರಸೋಜೊ ಸಿನಿಮಾದ ದೃಶ್ಯಗಳನ್ನು ಅಚ್ಚು ಹಾಕಿಸಿ ಗೋಡೆ ತುಂಬ ಅಂಟಿಸಿದ್ದ. ಭೂತಗನ್ನಡಿ ಹಿಡಿದು ಒಂದೊಂದು ಗೀರನ್ನೂ, ಸಿಗರೇಟು ಸುಟ್ಟ ಕಲೆಯನ್ನೂ, ಕಾಲಿನ ಬಿರುಕನ್ನೂ ಮರಕ್ಕೆ ಇಳಿಸಿದ್ದ.

“ಒಂದೆಸಳಲ್ವಾ ರೀ? ಅಪ್ಪನ ಮುಖ ನೋಡಿಯಾದ್ರೂ ಬಿಡಿ,” ಎಂದಳು ಹೆಂಡತಿ ಲಸ್ಮಿನಿ. ನಾಲ್ಕು ವರ್ಷದ ಕಿನಾಂತಿ ಅವಳ ಸೊಂಟದ ಮೇಲೆ ತೂಕಡಿಸುತ್ತಿದ್ದಳು.

“ಒಂದೆಸಳೇ ತಾನೆ? ಕೊರೆದ್ರೆ ಏನ್ ಗಂಟು ಹೋಗುತ್ತೆ?”

ಅಂದು ಗುರುವಾರ. ಮುಸ್ಸಂಜೆಯಾಗುತ್ತಲೇ ಓಣಿಯ ಕೊಡತಿಗಳ ಸದ್ದು ಒಂದೊಂದಾಗಿ ನಿಂತಿತು. ಗುರುವಾರ ರಾತ್ರಿ ದೆವ್ವಗಳು ತಿರುಗುತ್ತವೆಂದು ಆ ಹೊತ್ತಿನಲ್ಲಿ ಅಲ್ಲಿ ಯಾರೂ ಉಳಿ ಮುಟ್ಟುವುದಿಲ್ಲ. ಪ್ರಸೋಜೊ ಮುಟ್ಟಿದ. ಕಲ್ಲಿನಂಥ ತೇಗ ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಕೊನೆಯ ಎಸಳು ಅರಳಿತು. ಮೇಲೆ ಮೆರುಗೆಣ್ಣೆ ಸವರಿದ. ಎಣ್ಣೆಯ ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದಿತು, ಸುಟ್ಟ ಕೂದಲಿನದು. ಕರೆಂಟು ಹೋಯಿತು.

ಮೇಜಿನ ಆಚೆ ಯಾರೋ ಕುರ್ಚಿ ಎಳೆದರು.

“ಯಾರದು?” ಎಂದ ಪ್ರಸೋಜೊ.

“ಯಾರದು?” ಎಂದಿತು ಅವನದೇ ದನಿ.

ಕೂಗಿಗೆ ಲಸ್ಮಿನಿ ದೀಪ ಹಿಡಿದು ಓಡಿಬಂದಳು, ಹಿಂದೆ ಕಸ್ಮೂರಿ. ಬೆಳಕಿನಲ್ಲಿ ಇಬ್ಬರು ಪ್ರಸೋಜೊ ನಿಂತಿದ್ದರು. ಅದೇ ಅಂಗಿ. ರೆಪ್ಪೆಯ ಮೇಲೆ ಅದೇ ಮರದ ಪುಡಿ. ಗಲ್ಲದ ಮೇಲೆ ಅದೇ ಹಳೆಯ ಗಾಯದ ಗುರುತು.

“ಲಸ್ಮಿ, ನಾನೇ ಕಣೇ!”

“ಲಸ್ಮಿ, ನಾನೇ ಕಣೇ!”

ಅವಳು ಗೋಡೆಗೆ ಒರಗಿದಳು. “ಕಿನಾಂತಿ ಹುಟ್ಟಿದಾಗ... ಮೊದ್ಲು ಏನಂದ್ರಿ?”

“ಮೂಗು ನಿಂದೇ ಅಂದೆ,” ಎಂದರು ಇಬ್ಬರೂ, ಒಟ್ಟಿಗೇ.

ಯಾರೋ ಪ್ರಸೋಜೊನನ್ನು ಗೀರೂ ಬಿಡದೆ ನಕಲು ಮಾಡಿದ್ದರು. ಎಸಳು! ಆ ಎಸಳು ಕಿತ್ತರೆ ಇದೂ ಹೋದೀತು. ಅವನು ಉಳಿ ಹಿಡಿದು ಮೇಜಿನ ಮೇಲೆ ಎರಗಿದ. ಲಸ್ಮಿನಿ ಚೀರಿದಳು. ದೀಪ ಬಿತ್ತು. ಕಗ್ಗತ್ತಲು. ಅವನು ಕೊಡತಿ ಎತ್ತಿದ. ಹೊಡೆದ. ಮೆರುಗೆಣ್ಣೆ ಇನ್ನೂ ಹಸಿ. ಉಳಿ ಜಾರಿತು. ಎಡಗೈಗೆ ಬೆಂಕಿ ಬಿದ್ದಂತಾಯಿತು. ಕತ್ತಲಲ್ಲಿ ಮೇಜು ಏನನ್ನೋ ಗಟಗಟನೆ ಕುಡಿಯುವ ಸದ್ದು.

ಕಸ್ಮೂರಿ ಕಡ್ಡಿ ಗೀರಿದರು.

ಎಸಳು ಹಾಗೆಯೇ ಇತ್ತು. ಮೇಜಿನ ಮೇಲೆ ಒಂದು ಹನಿ ರಕ್ತವಿಲ್ಲ. ಕಡಿದ ಬೆರಳೂ ಇಲ್ಲ. ಪ್ರಸೋಜೊನ ಎಡಗೈಯಲ್ಲಿ ಕಿರುಬೆರಳಿದ್ದ ಜಾಗ ಕೊರೆಯದೆ ಬಿಟ್ಟ ಮರದಂತೆ ನುಣ್ಣಗಿತ್ತು.

ಲಸ್ಮಿನಿ ಇವನ ಕೈ ನೋಡಿದಳು. ಇನ್ನೊಬ್ಬನ ಕೈ ನೋಡಿದಳು. ಅಲ್ಲಿ ಹತ್ತೂ ಬೆರಳಿದ್ದವು. ಅವಳು ಕೆತ್ತುವವರ ಮನೆಯಲ್ಲಿ ಹುಟ್ಟಿ ಬೆಳೆದ ಮಗಳು.

“ಅಪ್ಪಾ,” ಎಂದಳು ಪ್ರಸೋಜೊನ ಕಡೆ ಬೊಟ್ಟು ಮಾಡಿ, ಬಿಕ್ಕುತ್ತಾ. “ಊನ ಇರೋದು ಇದಕ್ಕೆ.”

“ಅಯ್ಯೋ ಲಸ್ಮಿ, ಈಗ ಉಳಿ ಜಾರಿ...”

“ಬಾಯಿ ಮುಚ್ಚು!” ಕಸ್ಮೂರಿ ಕೊಡತಿ ಬೀಸಿದರು. “ನನ್ನ ಅಳಿಯನ ದನೀಲಿ ಮಾತಾಡ್ಬೇಡ!”

ಭುಜಕ್ಕೆ ಬಿತ್ತು. ಬೆನ್ನಿಗೆ ಬಿತ್ತು. ಅವನು ಓಣಿಗೆ ಉರುಳಿದ. ಬಾಗಿಲಿನ ಅಗಳಿ ಬಿತ್ತು. ಅವನು ಬಾಗಿಲು ಬಡಿದ, ಹೆಂಡತಿಯ ಹೆಸರು ಕೂಗಿದ, ಬಿಕ್ಕಿ ಬಿಕ್ಕಿ ಅತ್ತ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಕರೆಂಟು ಬಂದು ಒಳಗೆ ತಟ್ಟೆ ಇಡುವ ಸದ್ದಾಯಿತು, ಅನ್ನದ, ಕರಿದ ಸೋಯಾ ಟೆಂಪೆಯ ಘಮ ಬಂತು.

“ಅಪ್ಪಾ, ಹೊರಗೆ ಯಾರು ಅಳ್ತಿರೋದು?” ಕಿನಾಂತಿಯ ದನಿ.

“ಯಾರೂ ಇಲ್ಲ ಕಂದಾ. ಉಣ್ಣು,” ಎಂದಿತು ಪ್ರಸೋಜೊನದೇ ದನಿ.

ಮಗು ಅನ್ನಕ್ಕೆ ಕೈ ಹಾಕಿತು.